ಎಂಟನೇ ವಾರದೊಳಗೆ

ಮೂವತ್ತನೆಯ ದಿನ ಬೆಳಿಗ್ಗೆ ಗಾದಿಯಕ್ಕ ಬಚ್ಚಲುಮನೆಯ ಕನ್ನಡಿಯೆದುರು ನಿಂತು ಎಡ ಎದೆಯ ಹೊಲಿಗೆಯನ್ನು ನೋಡಿಕೊಂಡಳು. ಕಂಕುಳ ಕಡೆಯ ಮೂಲೆಯಲ್ಲಿ ಅಕ್ಕಿಕಾಳಿನಷ್ಟು ಜಾಗ ಕೆಂಪಾಗಿತ್ತು. ಅಂಗೈ ಹುಣ್ಣಿಗೆ ಕನ್ನಡಿ ಬೇಡ ಅನ್ನುವುದೇನೋ ಸರಿ. ಕಂಕುಳ ಪಕ್ಕದ ಹುಣ್ಣಿಗೆ ಕನ್ನಡಿಯೂ ಬೇಕು, ಬೆಳಕೂ ಬೇಕು, ಕೊಕ್ಕರೆಯ ಹಾಗೆ ಕತ್ತು ತಿರುಗಿಸುವ ಸೈರಣೆಯೂ ಬೇಕು. ಮೂರನ್ನೂ ಹೊಂದಿಸಿಕೊಂಡು ಅವಳು ಇನ್ನೊಮ್ಮೆ ನೋಡಿದಳು. ಕೆಂಪು ಹೋಗಿರಲಿಲ್ಲ. ಅದರ ನಡುವೆ ಚರ್ಮ ತೆಳ್ಳಗಾಗಿ, ನೂರು ಸಲ ಒಗೆದ ದಿಂಬಿನ ಚೀಲದ ಹಾಗೆ ಮಿರುಗುತ್ತಿತ್ತು.

ಇದೇನೆಂದು ಯಾವ ಡಾಕ್ಟರೂ ಅವಳಿಗೆ ಬಿಡಿಸಿ ಹೇಳಬೇಕಾಗಿರಲಿಲ್ಲ. ಇಪ್ಪತ್ತಾರು ವರ್ಷದಿಂದ ಸೋಫಾ, ಕುರ್ಚಿ, ಬೆಂಚುಗಳಿಗೆ ಗಾದಿ ಕೂರಿಸಿ ಬಟ್ಟೆ ಬಿಗಿಯುತ್ತಿದ್ದವಳು ಅವಳು. ಒಳಗೆ ಫೋಮು ಜಾಸ್ತಿ, ಮೇಲೆ ಬಟ್ಟೆ ಕಮ್ಮಿ ಆದಾಗ ಹೊಲಿಗೆ ಮೊದಲು ಬಾಯಿ ಬಿಡುವುದು ಮೂಲೆಯಲ್ಲೇ. ಆ ಕೆಲಸದಿಂದಲೇ ಬೀದಿಯವರೆಲ್ಲ ಅವಳನ್ನು ಗಾದಿಯಕ್ಕ ಎನ್ನುತ್ತಿದ್ದರು. ಅದೇ ಅಂಗಡಿಯ ಹಿಂಭಾಗದಲ್ಲಿ ಕುರ್ಚಿ, ಸೋಫಾಗಳ ಚೌಕಟ್ಟು ಮಾಡುವವನು ಅವಳ ಗಂಡ, ಮರದಣ್ಣ. ಮರದ ಕೆಲಸಕ್ಕೆ ಆ ಹೆಸರು ಬಂತೋ, ದಿನಕ್ಕೆ ಇಪ್ಪತ್ತು ಮಾತಿಗಿಂತ ಹೆಚ್ಚು ಆಡುವುದಿಲ್ಲವೆಂದು ಬಂತೋ, ಈಗ ಯಾರಿಗೂ ನೆನಪಿಲ್ಲ. ಅವನ ಪಾಲಿನ ಮಾತನ್ನೂ ಹೆಂಡತಿಯೇ ಆಡಿಬಿಡುತ್ತಿದ್ದುದರಿಂದ ಮನೆಗೆ ಅಂಥ ಕೊರತೆಯೇನೂ ಆಗಿರಲಿಲ್ಲ.

ಮೂವತ್ತನೆಯ ದಿನ ಎಂದರೆ ಆಪರೇಷನ್ ಆಗಿ ಮೂವತ್ತನೆಯದು. ಎದೆಯಲ್ಲಿ ಗಂಟು ಸಿಕ್ಕಿ, ಅದು ಕ್ಯಾನ್ಸರ್ ಎಂದು ಗೊತ್ತಾಗಿ, ಐದು ತಿಂಗಳು ಕೀಮೋ ಔಷಧಿ ಏರಿಸಿಕೊಂಡು, ಉದುರಿದ ಕೂದಲು ಹಲ್ಲುಜ್ಜುವ ಬ್ರಷ್ಷಿನಷ್ಟು ಮತ್ತೆ ಹುಟ್ಟುವ ಹೊತ್ತಿಗೆ ಎಡ ಮೊಲೆ ತೆಗೆಯುವ ದಿನ ಬಂದಿತ್ತು. ಕಂಕುಳಿಗೂ ರೋಗ ಹಬ್ಬಿದ್ದರಿಂದ ಆಮೇಲೆ ಕರೆಂಟು ಕೊಡಲೇಬೇಕೆಂಬುದು ಮೊದಲೇ ತೀರ್ಮಾನವಾಗಿತ್ತು. ರೇಡಿಯೇಷನ್ನನ್ನು ಆಸ್ಪತ್ರೆಯ ಬೆಂಚಿನ ಮೇಲೆ ಕೂತವರೆಲ್ಲ ಕರೆಂಟು ಎಂದೇ ಅನ್ನುತ್ತಿದ್ದರು. ಡಾಕ್ಟರುಗಳೂ ತಿದ್ದಿ ತಿದ್ದಿ ಸಾಕಾಗಿ ತಾವೂ ಹಾಗೇ ಅನ್ನತೊಡಗಿದ್ದರು. ಪ್ರಶ್ನೆ ಇದ್ದದ್ದು ಹೊಸ ಮೊಲೆ ಯಾವಾಗ ಕೂರಿಸುವುದು ಎಂಬುದರಲ್ಲಿ, ಕರೆಂಟಿಗೆ ಮೊದಲೋ ಆಮೇಲೋ.

ಹೊಸ ಮೊಲೆ ಕೂರಿಸುವ ಪ್ಲಾಸ್ಟಿಕ್ ಸರ್ಜರಿಯವರು, ಬೆಂಚಿನವರ ಬಾಯಲ್ಲಿ ಪ್ಲಾಸ್ಟಿಕ್ ಡಾಕ್ಟರು, ದಾರಿಗಳನ್ನು ಒಂದೊಂದಾಗಿ ಹೇಳಿದ್ದರು. ಅವತ್ತೇ ಸಿಲಿಕಾನ್ ಚೀಲ ಇಟ್ಟು ಮುಗಿಸಿಬಿಡಬಹುದು, ಆದರೆ ಅದರ ಮೇಲೆ ಕರೆಂಟು ಬಿದ್ದರೆ ಗಟ್ಟಿಯಾಗಿ ಸೊಟ್ಟಗಾಗುವುದೇ ಹೆಚ್ಚು. ಇಲ್ಲವೇ ಸದ್ಯಕ್ಕೆ ಒಂದು ಖಾಲಿ ಬಲೂನು ಇಟ್ಟು, ವಾರವಾರ ಸೂಜಿಯಿಂದ ಉಪ್ಪುನೀರು ತುಂಬಿ ಚರ್ಮವನ್ನು ಹಿಗ್ಗಿಸಿಕೊಂಡು, ಕರೆಂಟು ಮುಗಿದ ಎಷ್ಟೋ ತಿಂಗಳಿಗೆ ಬಲೂನು ತೆಗೆದು ಖಾಯಂ ಚೀಲ ಇಡಬಹುದು. ಅದೂ ಬೇಡವೆಂದರೆ ಈಗ ಸಪಾಟಾಗಿ ಹೊಲಿದು, ಕರೆಂಟು ಮುಗಿಸಿ, ಚರ್ಮ ಸುಧಾರಿಸಿದ ಮೇಲೆ ಹೊಟ್ಟೆಯ ಮಾಂಸವನ್ನೇ ತಂದು ಮೊಲೆ ಮಾಡಬಹುದು.

"ನನ್ನ ಕೇಳಿದ್ರೆ ಕೊನೇದೇ ಸರಿ" ಎಂದಿದ್ದರು ಕರೆಂಟಿನ ಡಾಕ್ಟ್ರಮ್ಮ. ಕನ್ನಡಕವನ್ನು ತಲೆಯ ಮೇಲೇರಿಸಿಕೊಂಡು ಅದನ್ನೇ ಮೇಜಿನ ಮೇಲೆ ಹುಡುಕುವ ಹೆಂಗಸು ಅವರು, ಆದರೆ ರೋಗಿಯ ವಿಷಯದಲ್ಲಿ ಒಂದು ಕೂದಲೆಳೆಯನ್ನೂ ಮರೆಯುತ್ತಿರಲಿಲ್ಲ. "ಕರೆಂಟು ಬಿದ್ದ ಚರ್ಮ ಮೊದಲಿನ ಹಾಗಿರಲ್ಲ. ಬಿಗಿಯುತ್ತೆ, ಒಳಗಿರೋದನ್ನ ಹಿಂಡುತ್ತೆ. ನೀವು ಯಾವ ದಾರೀನೇ ಹಿಡೀರಿ, ನನ್ನದು ಒಂದೇ ಮಾತು. ಆಪರೇಷನ್ ಆಗಿ ಎಂಟನೇ ವಾರದೊಳಗೆ ನನ್ನ ಟೇಬಲ್ ಮೇಲೆ ಇರಬೇಕು. ಅದು ಜಾರಿದಷ್ಟೂ ರೋಗಕ್ಕೆ ಸಲಿಗೆ ಕೊಟ್ಟ ಹಾಗೆ."

"ಒಂದು ಕೈ ಇಲ್ಲದ ಕುರ್ಚೀನ ನಾನು ಇವತ್ತಿನ ತನಕ ಅಂಗಡಿಯಿಂದ ಆಚೆ ಕಳಿಸಿಲ್ಲ ಡಾಕ್ಟ್ರಮ್ಮ" ಎಂದಿದ್ದಳು ಗಾದಿಯಕ್ಕ. "ನಾನೇ ಹಾಗೆ ಮನೆಗೆ ಹೋಗಲಾ?"

ಬರೀ ಅಂದಚಂದದ ಮಾತಾಗಿರಲಿಲ್ಲ ಅದು. ಸೋಫಾಕ್ಕೆ ಬಟ್ಟೆ ಮುಚ್ಚುವಾಗ ಎರಡು ಕೈಯೂ ಬಟ್ಟೆ ಎಳೆಯುವುದರಲ್ಲಿ ಇರುತ್ತವೆ. ಫೋಮನ್ನು ಅದುಮಿ ಹಿಡಿಯುವುದು ಎದೆ. ಇಪ್ಪತ್ತಾರು ವರ್ಷ ಎರಡೂ ಕಡೆ ಸಮ ತೂಕ ಹಾಕಿ ಅದುಮಿದವಳಿಗೆ ಒಂದು ಕಡೆ ಬರಿದಾಗುವುದೆಂದರೆ ತಕ್ಕಡಿಯ ಒಂದು ತಟ್ಟೆ ಕಿತ್ತ ಹಾಗಿತ್ತು. ಅದಕ್ಕಿಂತ ಒಳಗಿನ ಇನ್ನೊಂದು ಕಾರಣವೂ ಇತ್ತು. ಅದನ್ನು ಅವಳು ಯಾರಿಗೂ ಹೇಳಿರಲಿಲ್ಲ, ಹೇಳಲು ಮಾತೂ ಸಿಕ್ಕಿರಲಿಲ್ಲ. ಅವಳಿಗೆ ಅದು ಬೇಕಿತ್ತು, ಅಷ್ಟೆ.

ಎರಡು ಬೀದಿ ಆಚೆ ಬ್ಯೂಟಿ ಪಾರ್ಲರ್ ನಡೆಸುವ ತಂಗಿ ಬಲೂನಿನ ಪರವಾಗಿ ಗಟ್ಟಿಯಾಗಿ ನಿಂತಿದ್ದಳು. "ಅಕ್ಕ, ಕಣ್ಣು ಬಿಟ್ಟಾಗ ಏನಾದ್ರೂ ಒಂದು ಇರಬೇಕು ಕಣೇ. ಖಾಲಿ ನೋಡಿಕೊಳ್ಳಬೇಡ." ಮರದಣ್ಣನನ್ನು ಕೇಳಿದಾಗ ಅವನು ಬಹಳ ಹೊತ್ತು ಯೋಚಿಸಿ, "ನಿನ್ನಿಷ್ಟ" ಎಂದಿದ್ದ. ಒಂದು ಮಾತಿನಲ್ಲಿ ಮುಗಿಸಿದನೆಂದು ಅವಳು ಇಡೀ ದಿನ ಬೈದಿದ್ದಳು.

ಹಾಗಾಗಿ ಬಲೂನು. ಇಪ್ಪತ್ತೆಂಟನೆಯ ದಿನ ಕೊನೆಯ ಸಲ ಉಪ್ಪುನೀರು ತುಂಬಿದ್ದರು. ಮೂವತ್ತೆಂಟನೆಯ ದಿನ ಕರೆಂಟಿಗಾಗಿ ಸ್ಕ್ಯಾನ್ ಮಾಡಿ ಅಳತೆ ತೆಗೆಯುವುದು. ಅಳತೆ ತೆಗೆದ ಮೇಲೆ ಬಲೂನಿನಲ್ಲಿ ಒಂದು ಚಮಚ ನೀರು ಹೆಚ್ಚುಕಮ್ಮಿ ಆದರೂ ಲೆಕ್ಕ ತಪ್ಪುತ್ತದಂತೆ. ನಡುವೆ ಉಳಿದದ್ದು ಎಂಟೇ ದಿನ. ಈಗ ಹೋಗಿ ಕೆಂಪು ತೋರಿಸಿದರೆ ಏನು ಹೇಳುತ್ತಾರೆಂದು ಗಾದಿಯಕ್ಕನಿಗೆ ಗೊತ್ತಿತ್ತು. ಮೂಲೆ ಬಿಟ್ಟುಕೊಂಡ ಸೋಫಾ ಬಂದರೆ ಅವಳೂ ಅದನ್ನೇ ಹೇಳುತ್ತಿದ್ದಳು: ಬಿಚ್ಚಬೇಕು.

ಅವಳು ಬಚ್ಚಲಿನ ಚಿಲಕ ಹಾಕಿಕೊಂಡು ಆಸ್ಪತ್ರೆಯವರು ಕೊಟ್ಟ ಕಾಗದದ ಟೇಪು ತೆಗೆದಳು.

ಗಾದಿ ಕೆಲಸದಲ್ಲಿ ಒಂದು ಉಪಾಯ ಇದೆ. ಹೊಲಿಗೆಯ ಮೇಲೆ ಬಿಗಿ ಜಾಸ್ತಿಯಾದಾಗ ಹೊಲಿಗೆಯನ್ನು ಮುಟ್ಟಬಾರದು. ಅದರಿಂದ ನಾಲ್ಕು ಬೆರಳು ದೂರದಲ್ಲಿ ಎರಡೂ ಕಡೆಯ ಬಟ್ಟೆಯನ್ನು ಒಳಕ್ಕೆ ಸರಿಸಿ ಮೊಳೆ ಹೊಡೆದು ಹಿಡಿಯಬೇಕು. ಆಗ ಭಾರವೆಲ್ಲ ಮೊಳೆಗಳ ಮೇಲೆ ಹೋಗಿ ಹೊಲಿಗೆ ಸಡಿಲವಾಗುತ್ತದೆ. "ಹೊಲಿಗೆ ನಿದ್ದೆ ಮಾಡಬೇಕು" ಎನ್ನುತ್ತಿದ್ದರು ಅವಳಿಗೆ ಕೆಲಸ ಕಲಿಸಿದವರು. ಮೊಳೆಯ ಬದಲು ಟೇಪು, ಬಟ್ಟೆಯ ಬದಲು ತನ್ನ ಚರ್ಮ. ಅರ್ಧ ಗಂಟೆಯಲ್ಲಿ ಅವಳು ಒಂಬತ್ತು ಪಟ್ಟಿಗಳನ್ನು ಬೀಸಣಿಗೆಯ ಹಾಗೆ ಹರಡಿ ಎಳೆದು ಅಂಟಿಸಿದಳು. ಕೆಂಪು ಜಾಗ ಸುಕ್ಕುಗಟ್ಟಿ ಸುಮ್ಮನೆ ಮಲಗಿತು. ಕನ್ನಡಿಯಲ್ಲಿ ನೋಡಿ, ಕೆಲಸ ಚೆನ್ನಾಗಿ ಬಂದಿದೆ ಎಂದು ಅವಳಿಗೇ ಮೆಚ್ಚುಗೆಯಾಯಿತು.

ಮೂವತ್ತೊಂದು, ಮೂವತ್ತೆರಡು, ಮೂವತ್ತಮೂರು. ದಿನಾ ಟೇಪು ಬದಲಿಸಿದಳು. ನೋವಿರಲಿಲ್ಲ, ಆ ಜಾಗಕ್ಕೆ ಆಪರೇಷನ್ ಆದಂದಿನಿಂದ ಸ್ಪರ್ಶವೇ ಗೊತ್ತಾಗುತ್ತಿರಲಿಲ್ಲ. ತಂಗಿ ಫೋನು ಮಾಡಿದಾಗ, "ಗುಂಡುಕಲ್ಲಿನ ಹಾಗಿದ್ದೀನಿ" ಎಂದಳು. ಮೂವತ್ತನಾಲ್ಕನೆಯ ದಿನ ಟೇಪಿನ ಅಡಿಯಲ್ಲಿ ಹಳದಿ ಕಲೆ ಕಂಡಿತು. ಬೆವರು ಇರಬೇಕು ಎಂದುಕೊಂಡು ಕಸದ ಬುಟ್ಟಿಗೆ ಹಾಕಿದಳು. ಅದು ಬೆವರಲ್ಲ ಎಂದು ಒಳಗಿನವಳು ಹೇಳುತ್ತಲೇ ಇದ್ದಳು. ಆ ಒಳಗಿನವಳಿಗೆ ಗಾದಿಯಕ್ಕ, ಇನ್ನು ನಾಲ್ಕೇ ದಿನ ಸುಮ್ಮನಿರೇ, ಎಂದಳು.

ಮೂವತ್ತೈದನೆಯ ದಿನ ಹಲ್ಲಿನ ಡಾಕ್ಟರ ಕ್ಲಿನಿಕ್ಕಿನಿಂದ ಒಂದು ಉದ್ದದ ಸೋಫಾ ಅಂಗಡಿಗೆ ಬಂತು. ಕಾಯುವವರು ಕೂರುವ ಸೋಫಾ. ನೀಲಿ ರೆಗ್ಸಿನ್ನು, ಒಂದು ಕಡೆ ತೇಪೆ. ಭಾರ ಎತ್ತಬಾರದೆಂದು ಆಜ್ಞೆ ಇದ್ದುದರಿಂದ ಗಾದಿಯಕ್ಕ ಸ್ಟೂಲಿನ ಮೇಲೆ ಕೂತು ಬಲಗೈಯಿಂದ ಮೊಳೆ ಕೀಳುತ್ತಿದ್ದಳು, ಮರದಣ್ಣ ಸೋಫಾ ಹೊರಳಿಸುತ್ತಿದ್ದ. ತೇಪೆ ಕಿತ್ತು ನೋಡಿದರೆ ಅಡಿಯಲ್ಲಿ ಹಳೆಯ ಹೊಲಿಗೆ ಗೇಣುದ್ದ ಬಿಟ್ಟುಕೊಂಡಿತ್ತು. ಯಾರೋ ಅದನ್ನು ಬಿಚ್ಚಿ ಸರಿಮಾಡುವ ಬದಲು ಮೇಲಿನಿಂದ ರೆಗ್ಸಿನ್ನಿನ ತುಂಡು ಅಂಟಿಸಿ ಕಳಿಸಿದ್ದರು. ನೀರು ಇಳಿದು ಫೋಮು ಕಪ್ಪಾಗಿತ್ತು. ಮರದಣ್ಣ ಉಳಿಯ ತುದಿ ಒತ್ತಿದರೆ ಅಡ್ಡಪಟ್ಟಿಯ ಮರ ರೊಟ್ಟಿಯ ಹಾಗೆ ಒಳಕ್ಕೆ ಹೋಯಿತು.

"ಯಾವನವನು ಇದನ್ನ ಮಾಡಿದ್ದು? ಕೈಗೆ ಸಿಕ್ಕಿದ್ರೆ ಇದೇ ಮೊಳೆ ಕೀಳೋದ್ರಲ್ಲಿ ಅವನ ಹಲ್ಲು ಕೀಳ್ತೀನಿ. ಕಂಡೂ ಕಂಡೂ ಮುಚ್ಚಿದ್ದಾನೆ ನೋಡ್ರೀ. ಒಂದು ಮೂಲೆ ಬಿಚ್ಚಿದ್ರೆ ಮುಗೀತಿತ್ತು. ಈಗ ಇಡೀ ಚೌಕಟ್ಟೇ ಹೋಯ್ತಲ್ಲ. ಇಂಥೋರಿಂದ ನಮ್ಮ ಕಸುಬಿಗೇ ಕೆಟ್ಟ ಹೆಸರು" ಎಂದು ರೇಗಿದಳು ಗಾದಿಯಕ್ಕ.

ಮರದಣ್ಣ ಉಳಿಯನ್ನು ಪಕ್ಕಕ್ಕಿಟ್ಟ. ಕೈ ಒರೆಸಿಕೊಂಡ. ಆಮೇಲೆ, ಹವಾಮಾನದ ಮಾತಾಡುವವನ ಹಾಗೆ, "ಕಸದ ಬುಟ್ಟೀಲಿ ಟೇಪು ನೋಡಿದೆ" ಎಂದ.

ಗಾದಿಯಕ್ಕ ಮೊಳೆ ಕೀಳುವುದನ್ನು ನಿಲ್ಲಿಸಿದಳು.

"ನಿನ್ನೇದು. ಕಲೆ ಇತ್ತು."

"ನೋಡಿದ ಮೇಲೆ ಕೇಳಬಾರದಾಗಿತ್ತಾ?"

"ನೀನೇ ಹೇಳ್ತೀಯ ಅಂತ ಕಾದೆ."

ಅವನು ಸೋಫಾದ ಕೊಳೆತ ಪಟ್ಟಿಯ ಕಡೆ ನೋಡಿದ, ಅವಳ ಕಡೆ ನೋಡಲಿಲ್ಲ. ಅದೇ ಅವಳಿಗೆ ಸಾಕಾಯಿತು. ಬೈಗುಳವೆಲ್ಲ ತಿರುಗಿ ತನ್ನ ಮೇಲೇ ಬಂದು ಕೂತಂತಾಯಿತು. ಆಮೇಲೆ ಎದ್ದು ಏಪ್ರನ್ನು ಬಿಚ್ಚಿ ಮೊಳೆಗೆ ನೇತುಹಾಕಿದಳು.

"ಅಂಗಡಿ ಬಾಗಿಲು ಎಳೀರಿ. ಹೋಗಿ ಬರೋಣ. ದಾರೀಲಿ ಏನೂ ಮಾತಾಡಬೇಡಿ" ಎಂದು, ತಾನು ಯಾರಿಗೆ ಹೇಳುತ್ತಿದ್ದೇನೆಂದು ನೆನಪಾಗಿ ಅವಳಿಗೇ ನಗು ಬಂತು.

ಡ್ರೆಸ್ಸಿಂಗ್ ಕೋಣೆಯ ಸಿಸ್ಟರಿಗೆ ಐವತ್ತು ದಾಟಿತ್ತು, ಕೈಯಲ್ಲಿ ಬೆಣ್ಣೆಯಂಥ ಮೆದುತನ, ಬಾಯಲ್ಲಿ ಮೆಣಸಿನಕಾಯಿ. ಅವರು ಅಂಗಿಯ ಗುಂಡಿ ಬಿಚ್ಚಿ ನೋಡಿದರು. ಆಮೇಲೆ ಬೆರಳಿನಿಂದ ಒಂಬತ್ತು ಪಟ್ಟಿಗಳನ್ನೂ ಎಣಿಸಿದರು.

"ಇದನ್ನ ಯಾರು ಹಾಕಿದ್ದು?"

"ನಾನೇ."

"ಕನ್ನಡಿ ನೋಡ್ಕೊಂಡು? ಒಂದೇ ಕೈಲಿ?"

"ಬಾಯಲ್ಲಿ ಕಚ್ಚಿ ಹಿಡಿದೆ ಸಿಸ್ಟರ್."

"ನಮ್ಮಲ್ಲಿ ಮೂರು ವರ್ಷ ಓದಿ ಬಂದೋರಿಗೂ ಹೀಗೆ ಟೇಪು ಹಾಕೋಕೆ ಬರಲ್ಲ" ಎಂದರು ಸಿಸ್ಟರ್. "ಇವತ್ತು ನಿಮ್ಮನ್ನ ಕರ್ಕೊಂಡು ಹೋಗಿ ಎಲ್ರಿಗೂ ತೋರಿಸ್ಬೇಕು. ಅದಕ್ಕೆ ಮೊದಲು ಒಂದು ಮಾತು ಕೇಳಿ. ನೀವು ಸೋಫಾಗೆ ಹೀಗೆ ಮಾಡಿದ್ರೆ ಸೋಫಾ ಸುಮ್ಮನಿರುತ್ತೆ. ಚರ್ಮಕ್ಕೆ ರಕ್ತ ಓಡಾಡಬೇಕು. ನೀವು ಎಳೆದು ಹಿಡಿದಿದ್ದೀರಲ್ಲ, ಪಾಪ ಅದಕ್ಕೆ ಉಸಿರಾಡೋಕೇ ಬಿಟ್ಟಿಲ್ಲ." ಅವರು ಎಣ್ಣೆ ಮುಟ್ಟಿಸಿ ಒಂದೊಂದೇ ಪಟ್ಟಿ ಬಿಡಿಸಿದರು. ಕೊನೆಯದು ಬಿಟ್ಟಾಗ ಮೂಲೆ ಬಾಯಿ ತೆರೆಯಿತು. ಆಳದಲ್ಲಿ ಬಲೂನಿನ ಒಂದು ಚೂರು, ಮೀನಿನ ಹೊಟ್ಟೆಯ ಹಾಗೆ ಬೆಳ್ಳಗೆ ಕಂಡಿತು. ಸಿಸ್ಟರ ಬಾಯಲ್ಲಿ ಆಮೇಲೆ ಮೆಣಸಿನಕಾಯಿ ಇರಲಿಲ್ಲ. "ಇರಿ ಅಕ್ಕ, ಡಾಕ್ಟರನ್ನ ಕರೀತೀನಿ" ಎಂದಷ್ಟೇ ಹೇಳಿ ಹೋದರು.

ಇಬ್ಬರು ಡಾಕ್ಟರುಗಳೂ ಬಂದರು. ಅಷ್ಟರಲ್ಲಿ ಮರದಣ್ಣನ ಫೋನು ತಲುಪಿ ತಂಗಿಯೂ, ಕೈಗೆ ಹತ್ತಿಕೊಂಡ ಕೂದಲ ಬಣ್ಣವನ್ನು ಪೂರ್ತಿ ತೊಳೆಯದೆ, ಏದುಸಿರು ಬಿಡುತ್ತ ಬಂದು ಬಾಗಿಲ ಬಳಿ ನಿಂತಳು.

ಆಮೇಲೆ ನಡೆದದ್ದು, ಎತ್ತು ಏರಿಗೆಳೆದರೆ ಕೋಣ ನೀರಿಗೆಳೆಯಿತು ಅನ್ನುತ್ತಾರಲ್ಲ, ಹಾಗೆ. ಆದರೆ ಎರಡೂ ಒಳ್ಳೆಯ ಪ್ರಾಣಿಗಳು, ಎರಡೂ ಅವಳ ಗದ್ದೆಯನ್ನೇ ಉಳಲು ಬಂದವು. ಪ್ಲಾಸ್ಟಿಕ್ ಡಾಕ್ಟರು ಬಲೂನು ಉಳಿಸುವ ಮಾತಾಡಿದರು. ನೀರು ಅರ್ಧ ತೆಗೆದು, ಒಳಗೆ ತೊಳೆದು, ಅಂಚು ಕತ್ತರಿಸಿ ಮತ್ತೆ ಹೊಲಿಯಬಹುದು; ಹಾಗೆ ಹೊಲಿದದ್ದು ಪೂರ್ತಿ ಗಟ್ಟಿಯಾಗಿ, ಮತ್ತೆ ಅಳತೆ ತೆಗೆಯಲು ನಾಲ್ಕೈದು ವಾರ ಬೇಕು.

"ಇವತ್ತಿಗೆ ಐದು ವಾರ. ಅಲ್ಲಿಗೆ ಹತ್ತು" ಎಂದರು ಡಾಕ್ಟ್ರಮ್ಮ.

"ಒಂಬತ್ತರಲ್ಲಿ ಆದರೂ ಆಗಬಹುದು."

"ಮತ್ತೆ ಬಿಟ್ಟುಕೊಂಡರೆ? ಕರೆಂಟು ಶುರುವಾಗಿ ಹತ್ತು ದಿನಕ್ಕೆ ಕೀವಾದರೆ? ಅರ್ಧಕ್ಕೆ ನಿಲ್ಲಿಸಬೇಕಾಗುತ್ತೆ. ಅದಕ್ಕಿಂತ ಕೆಟ್ಟದ್ದು ಇನ್ನೊಂದಿಲ್ಲ." ಅವರು ಗಾದಿಯಕ್ಕನ ಕಡೆ ತಿರುಗಿದರು. "ಬಲೂನು ತೆಗೆದುಬಿಟ್ಟರೆ ಚರ್ಮಕ್ಕೆ ಬಿಗಿ ಇರಲ್ಲ. ಎರಡು ವಾರದಲ್ಲಿ ಗಾಯ ಮಾಯೋ ಸಾಧ್ಯತೆ ಹೆಚ್ಚು. ಎಂಟನೇ ವಾರದೊಳಗೆ ಶುರು ಮಾಡಬಹುದು. ಆದರೆ ತೀರ್ಮಾನ ನಿಮ್ಮದು. ಇವರು ಹೇಳಿದ್ದೂ ಸುಳ್ಳಲ್ಲ."

"ಅಕ್ಕ, ದುಡುಕಬೇಡ" ಎಂದಳು ತಂಗಿ ಬಾಗಿಲಿನಿಂದಲೇ. "ಇಷ್ಟು ದಿನ ಪಟ್ಟ ಪಾಡೆಲ್ಲ ಹೊಳೇಲಿ ಹುಣಸೆಹಣ್ಣು ಕಿವುಚಿದ ಹಾಗಾಗುತ್ತೆ. ಒಂದೆರಡು ವಾರ ತಾನೇ. ಉಳಿಸ್ಕೋ."

ಗಾದಿಯಕ್ಕ ಮಂಚದ ಮೇಲೆ ಅಂಗಿಯ ಒಂದು ಕಡೆ ತೆರೆದುಕೊಂಡೇ ಕೂತಿದ್ದಳು. ನಾಚಿಕೆ ಎಂಬುದು ಕೀಮೋದ ಎರಡನೇ ಬಾಟಲಿಯ ಜೊತೆಗೇ ಖಾಲಿಯಾಗಿತ್ತು. ಅವಳು ಪ್ಲಾಸ್ಟಿಕ್ ಡಾಕ್ಟರನ್ನು ಗಿರಾಕಿಯನ್ನು ನೋಡುವ ಹಾಗೆ ನೋಡಿದಳು, ಅಳತೆ ಹಿಡಿದು.

"ಡಾಕ್ಟ್ರೇ, ಎರಡು ಮಾತು ಕೇಳ್ತೀನಿ. ಸುತ್ತಿ ಬಳಸಿ ಹೇಳಬೇಡಿ. ಇದೇ ಬಲೂನು ಇಟ್ಟು ಮತ್ತೆ ಹೊಲಿದ್ರೆ, ಮತ್ತೆ ಬಿಡಲ್ಲ ಅಂತ ಬರೆದು ಕೊಡ್ತೀರಾ?"

ಅವರು, "ಇಲ್ಲಮ್ಮ. ಬರೆದು ಕೊಡೋಕಾಗಲ್ಲ" ಎಂದರು.

"ಈಗ ತೆಗೆದುಬಿಟ್ರೆ, ಮುಂದೆ ಮೊಲೆ ಮಾಡೋಕೇ ಆಗಲ್ಲ ಅಂತೀರಾ?"

"ಹಾಗೇನಿಲ್ಲ. ಆಗುತ್ತೆ. ಚೀಲದಿಂದ ಬೇಡ, ಕರೆಂಟು ಬಿದ್ದ ಜಾಗಕ್ಕೆ ನಿಮ್ಮ ಹೊಟ್ಟೆಯ ಮಾಂಸವೇ ವಾಸಿ. ಕರೆಂಟು ಮುಗಿದು ಕಡಿಮೆ ಅಂದ್ರೂ ಆರು ತಿಂಗಳು ಬಿಡಬೇಕು. ಚರ್ಮ ನೋಡಿ ವರ್ಷವೂ ಆಗಬಹುದು. ದೊಡ್ಡ ಆಪರೇಷನ್ನು, ಎಂಟು ಹತ್ತು ಗಂಟೆ."

"ಇದನ್ನ ಉಳಿಸೋಕೆ ಹೋದ್ರೆ ಕರೆಂಟು ತಪ್ಪಬಹುದು. ತೆಗೆದ್ರೆ ಮೊಲೆ ತಡ ಆಗುತ್ತೆ, ತಪ್ಪಲ್ಲ. ಹೀಗೆ ತಾನೇ?"

"ಹೀಗೇ" ಎಂದರು ಇಬ್ಬರೂ ಒಟ್ಟಿಗೆ.

"ಹಾಗಾದ್ರೆ ತೆಗೀರಿ."

ತಂಗಿ ಕಣ್ಣೊರೆಸಿಕೊಂಡು ಕೆನ್ನೆಗೆ ಕೂದಲ ಬಣ್ಣ ಬಳಿದುಕೊಂಡಳು. ಅಕ್ಕ ಅದನ್ನು ನೋಡಿ, "ಲೇ, ಅಳೋದಾದ್ರೆ ಕೈ ತೊಳ್ಕೊಂಡು ಅಳು" ಎಂದಳು. ಆಮೇಲೆ ದನಿ ತಗ್ಗಿಸಿ, "ನಾನು ಬಿಟ್ಟುಕೊಡ್ತಿಲ್ಲ ಕಣೇ. ಸರದಿ ಬದಲಾಯಿಸ್ತಿದ್ದೀನಿ, ಅಷ್ಟೇ. ಮೊದಲು ಚೌಕಟ್ಟು, ಆಮೇಲೆ ಗಾದಿ. ನಾನು ಐದು ವಾರದ ಹಿಂದೇನೇ ಇದನ್ನ ಮಾಡಬೇಕಿತ್ತು. ಡಾಕ್ಟ್ರಮ್ಮ ಹೇಳಿದ್ರು, ನನ್ನ ಕಿವಿ ಅಂಗಡೀಲೇ ಬಿಟ್ಟುಬಂದಿದ್ದೆ" ಎಂದಳು.

"ಐದು ವಾರದ ಹಿಂದೆ ನೀವು ತಗೊಂಡದ್ದೂ ತಪ್ಪು ತೀರ್ಮಾನವಲ್ಲ" ಎಂದರು ಡಾಕ್ಟ್ರಮ್ಮ. "ಎಷ್ಟೋ ಜನಕ್ಕೆ ಬಲೂನು ಸರಿಹೋಗುತ್ತೆ. ತಪ್ಪಾಗಿದ್ದು ಆ ಟೇಪು. ಐದು ದಿನ ಮೊದಲೇ ಬಂದಿದ್ದರೆ ನಮ್ಮ ಕೈಲಿ ಇನ್ನೂ ಐದು ದಿನ ಇರ್ತಿತ್ತು."

ಗಾದಿಯಕ್ಕ ಬಿಡಿಸಿಟ್ಟ ಒಂಬತ್ತು ಪಟ್ಟಿಗಳ ಕಡೆ ಒಮ್ಮೆ ನೋಡಿದಳು. ಪ್ಲಾಸ್ಟಿಕ್ ಡಾಕ್ಟರು ಅವಳ ಹೊಟ್ಟೆಯನ್ನು ಎರಡು ಬೆರಳಿನಲ್ಲಿ ಹಿಡಿದು ನೋಡಿ, "ಮಾಂಸಕ್ಕೇನೂ ಕೊರತೆ ಇಲ್ಲ. ಇದನ್ನ ಕರಗಿಸಬೇಡಿ" ಎಂದರು.

"ಕೇಳಿಸ್ತೇನೇ?" ಎಂದಳು ತಂಗಿಗೆ. "ಇಪ್ಪತ್ತು ವರ್ಷದಿಂದ ಹೊಟ್ಟೆ ಇಳಿಸು, ಹೊಟ್ಟೆ ಇಳಿಸು ಅಂತ ನನ್ನ ಪ್ರಾಣ ತಿಂದೆಯಲ್ಲ. ಈಗ ಡಾಕ್ಟರ ಆರ್ಡರು."

ಮಾರನೆಯ ದಿನ, ಮೂವತ್ತಾರನೆಯ ದಿನ, ಬಲೂನು ತೆಗೆದರು. ಎಚ್ಚರವಾದಾಗ ಮಧ್ಯಾಹ್ನವಾಗಿತ್ತು, ಎಡಗಡೆ ದಪ್ಪ ಪಟ್ಟಿ, ಅದರಡಿ ಸಪಾಟು. ಖಾಲಿ ನೋಡಬೇಡವೆಂದು ಹೇಳಿದ್ದ ತಂಗಿಯೇ ಪಕ್ಕದಲ್ಲಿ ಕೂತಿದ್ದಳು. ಗಾದಿಯಕ್ಕ ಬಲಗೈಯಿಂದ ಪಟ್ಟಿಯ ಮೇಲೆ ನಿಧಾನವಾಗಿ ಸವರಿ ನೋಡಿಕೊಂಡಳು. ಎದೆಯ ಮೂಳೆಗಳು ಎಣಿಕೆಗೆ ಸಿಗುತ್ತಿದ್ದವು. ಕಣ್ಣಿನಿಂದ ನೀರು ಕಿವಿಯೊಳಕ್ಕೆ ಇಳಿಯಿತು. ತಂಗಿ ಕಿವಿ ಒರೆಸಿದಳು, ಆ ಕಡೆ ಒಮ್ಮೆ, ಈ ಕಡೆ ಒಮ್ಮೆ. ಸ್ವಲ್ಪ ಹೊತ್ತಾದ ಮೇಲೆ, "ಅಲ್ಲಿ ತನಕ ಅಂಗಿ ಒಳಗೆ ಏನು ಇಟ್ಕೊಳ್ತೀಯೇ?" ಎಂದು ಕೇಳಿದಳು.

"ಅಂಗಡಿ ತುಂಬಾ ಫೋಮು ಇಟ್ಕೊಂಡು ಆ ಚಿಂತೆ ನನಗೇಕೆ? ಮೆತ್ತಂದು, ಗಟ್ಟೀದು, ಯಾವುದು ಬೇಕು ಹೇಳು, ನಿನಗೂ ಒಂದು ಜೊತೆ ಕತ್ತರಿಸಿ ಕೊಡ್ತೀನಿ."

ಬಾಗಿಲಲ್ಲಿ ನಿಂತಿದ್ದ ಸಿಸ್ಟರ್ ಕೇಳಿಸಿಕೊಂಡು, "ಫೋಮೂ ಬೇಡ ಗೀಮೂ ಬೇಡ. ಕರೆಂಟು ಮುಗಿಯೋ ತನಕ ಸಡಿಲ ಹತ್ತಿ ಅಂಗಿ ಬಿಟ್ಟು ಆ ಚರ್ಮಕ್ಕೆ ಇನ್ನೇನೂ ತಾಗಬಾರದು. ಟೇಪಂತೂ ನಿಮ್ಮ ಕೈಗೆ ನಾನು ಇನ್ನು ಕೊಡಲ್ಲ" ಎಂದರು.

ಮೂರು ದಿನ ಬಿಟ್ಟು ಬಂದು ಗಾಯ ನೋಡಿದ ಪ್ಲಾಸ್ಟಿಕ್ ಡಾಕ್ಟರಿಗೆ ಸಮಾಧಾನವಾಯಿತು. ಡಾಕ್ಟ್ರಮ್ಮನಿಗೆ ಇನ್ನೊಂದು ಚಿಂತೆ ಹುಟ್ಟಿತು. ಕರೆಂಟಿನ ಟೇಬಲ್ಲಿನ ಮೇಲೆ ಅಂಗಾತ ಮಲಗಿ ಎಡಗೈಯನ್ನು ತಲೆಯ ಮೇಲಕ್ಕೆ ಎತ್ತಿ ಇಡಬೇಕು, ಇಲ್ಲದಿದ್ದರೆ ಕಿರಣ ಕಂಕುಳಿಗೆ ತಲುಪುವ ಮೊದಲು ತೋಳಿಗೇ ಬೀಳುತ್ತದೆ. ಎರಡು ಆಪರೇಷನ್ನಿನಲ್ಲಿ ಗಾದಿಯಕ್ಕನ ತೋಳು ಭುಜದ ಮಟ್ಟಕ್ಕೂ ಏರುತ್ತಿರಲಿಲ್ಲ. "ಐವತ್ತನೇ ದಿನ ಸ್ಕ್ಯಾನು. ಅವತ್ತು ಕೈ ಮೇಲಕ್ಕೆ ಹೋಗದಿದ್ರೆ ಗಾಯ ಮಾಯ್ದೂ ಪ್ರಯೋಜನ ಇಲ್ಲ. ಹೊಲಿಗೆಗೆ ಜಗ್ಗದ ಹಾಗೆ ದಿನಾ ಸ್ವಲ್ಪ ಸ್ವಲ್ಪ ಏರಿಸಿ. ನೋವಾದ ತಕ್ಷಣ ನಿಲ್ಲಿಸಿ. ಹಟ ಮಾಡಬೇಡಿ."

ಹಟ ಮಾಡದೆ ಏರಿಸಬೇಕು. ಗಾದಿಯಕ್ಕನಿಗೆ ಇಡೀ ಕಾಯಿಲೆಯಲ್ಲಿ ಇದಕ್ಕಿಂತ ಕಷ್ಟದ ಔಷಧಿ ಯಾರೂ ಬರೆದಿರಲಿಲ್ಲ. ಮನೆಗೆ ಬಂದ ದಿನವೇ ಮರದಣ್ಣ ಅಂಗಡಿಯ ಗೋಡೆಗೆ ಆರಡಿ ಎತ್ತರದ ಬಿಳಿ ಮರದ ಪಟ್ಟಿಯೊಂದನ್ನು ನಿಲ್ಲಿಸಿ ಮೊಳೆ ಹೊಡೆದ. ಅವಳು ಗೋಡೆಗೆ ಮುಖ ಮಾಡಿ ನಿಂತು, ಎಡಗೈಯ ಬೆರಳುಗಳನ್ನು ಜೇಡದ ಕಾಲಿನ ಹಾಗೆ ಪಟ್ಟಿಯ ಮೇಲೆ ನಡೆಸುತ್ತ ಹೋಗುವುದು, ಜಗ್ಗಿದಲ್ಲಿ ನಿಲ್ಲಿಸುವುದು, ಅವನು ಅಲ್ಲಿ ಪೆನ್ಸಿಲಿನ ಗೀಟು ಹಾಕಿ ದಿನ ಬರೆಯುವುದು. ಬೆಳಿಗ್ಗೆ ಒಮ್ಮೆ, ಮಧ್ಯಾಹ್ನ ಒಮ್ಮೆ, ಸಂಜೆ ಒಮ್ಮೆ.

ಮೊದಲ ಗೀಟು ಅವಳ ಹೊಟ್ಟೆಯ ಮಟ್ಟಕ್ಕಿತ್ತು. "ಇದನ್ನೇನು ಏರಿದ್ದು ಅಂತಾರೇನ್ರೀ? ಇಳಿದಿದ್ದೀನಿ" ಎಂದಳು. ನಾಲ್ಕನೇ ದಿನ ಗೀಟು ಭುಜ ಮುಟ್ಟಿತು. ಆರನೇ ದಿನ ಬೆಳಿಗ್ಗೆ ಅವಳು ಹಲ್ಲು ಕಚ್ಚಿ ಎರಡು ಬೆರಳು ಹೆಚ್ಚಿಗೆ ಏರಿಸಿದಳು. ಕಂಕುಳಲ್ಲಿ ತಂತಿ ಎಳೆದಂತಾಯಿತು. ಮರದಣ್ಣ ಪೆನ್ಸಿಲನ್ನು ಕಿವಿಗೆ ಸಿಕ್ಕಿಸಿಕೊಂಡು ಕೈಕಟ್ಟಿ ನಿಂತ.

"ಹಾಕ್ರೀ ಗೀಟು."

"ಅಲ್ಲಿ ಹಾಕಲ್ಲ. ಜಗ್ಗಿತು. ನಿನ್ನ ಮುಖ ಹೇಳ್ತು."

"ನನ್ನ ಮುಖ ಯಾವಾಗ ನೋಡೋಕೆ ಶುರು ಮಾಡಿದ್ರಿ?"

"ಟೇಪು ನೋಡಿದ ದಿನದಿಂದ" ಎಂದು ಅವನು ಎರಡು ಬೆರಳು ಕೆಳಗೆ ಗೀಟು ಹಾಕಿದ. ಅವಳು ಗೊಣಗಿದಳು, ಆದರೆ ಮಧ್ಯಾಹ್ನ ಆ ಗೀಟಿನಿಂದಲೇ ಶುರು ಮಾಡಿದಳು. ಅಂಗಡಿಗೆ ಬಂದ ಗಿರಾಕಿಗಳು ಇದೇನು ಅಳತೆ ಎಂದು ಕೇಳಿದರೆ, "ನಾನು ಇನ್ನೂ ಬೆಳೀತಾ ಇದ್ದೀನಿ" ಎನ್ನುತ್ತಿದ್ದಳು. ಹೊಲಿಗೆಯನ್ನು ದಿನಾ ಒಮ್ಮೆ ಮಾತ್ರ ನೋಡುತ್ತಿದ್ದಳು, ಅದೂ ಗಂಡನ ಎದುರಿಗೇ. ನಲವತ್ತೇಳನೆಯ ದಿನ ಗಾಯದ ಗೆರೆ ಒಣಗಿ ತೆಳು ದಾರದ ಹಾಗಾಗಿತ್ತು. ಗೀಟು ಕಿವಿಯ ಮಟ್ಟ ದಾಟಿತ್ತು.

ಐವತ್ತನೆಯ ದಿನ ಸ್ಕ್ಯಾನಿನ ಕೋಣೆಯಲ್ಲಿ ಕೈ ತಲೆಯ ಮೇಲಿನ ಹಿಡಿಕೆಗೆ ಮೂರು ಬೆರಳಷ್ಟು ಸಾಲದೆ ನಿಂತಿತು. ಡಾಕ್ಟ್ರಮ್ಮ ಗಾಜಿನ ಆಚೆಯಿಂದ ಎದ್ದು ಬಂದರು. "ನಿಮ್ಮಿಂದ ಆದಷ್ಟೇ. ಸಾಲದಿದ್ರೆ ಮುಂದಿನ ವಾರ ನೋಡೋಣ."

ಮುಂದಿನ ವಾರ ಎಂದರೆ ಎಂಟು ದಾಟಿ ಒಂಬತ್ತು. ಗಾದಿಯಕ್ಕ ಕಣ್ಣು ಮುಚ್ಚಿದಳು. ಒಂದೇ ಏಟಿಗೆ ಎಳೆದರೆ ಕೈ ಹೋಗುತ್ತದೆ, ಹೊಲಿಗೆಯೂ ಹೋದೀತು; ಅದು ಹಳೆಯ ಗಾದಿಯಕ್ಕನ ದಾರಿ. "ಡಾಕ್ಟ್ರಮ್ಮ, ಹತ್ತು ನಿಮಿಷ ಕೊಡಿ. ಹೊರಗೆ ಕಾಯೋರು ಯಾರಾದ್ರೂ ಇದ್ರೆ ಅವರನ್ನ ಮೊದಲು ಕರೀರಿ" ಎಂದಳು. ಯಾರೂ ಇರಲಿಲ್ಲ. ಅವಳು ಉಸಿರು ಬಿಟ್ಟು ಒಂದು ಬೆರಳು, ಮತ್ತೆ ಉಸಿರು ಬಿಟ್ಟು ಅರ್ಧ ಬೆರಳು, ತಲೆಯ ಹಿಂದಿನ ಗಟ್ಟಿ ಹಲಗೆಯ ಮೇಲೆ ಕೈಯನ್ನು ನಡೆಸಿಕೊಂಡು ಹೋದಳು. ಜಗ್ಗಿದಲ್ಲಿ ನಿಂತಳು. ಕಾದಳು. ಮತ್ತೆ ಹೊರಟಳು. ಹಿಡಿಕೆಯ ತಣ್ಣನೆಯ ಕಬ್ಬಿಣ ಅಂಗೈಗೆ ತಾಗಿದಾಗ ಡಾಕ್ಟ್ರಮ್ಮ ಗಡಿಯಾರ ನೋಡಲಿಲ್ಲ. ಹೊಲಿಗೆಯ ಮೂಲೆಯನ್ನು ಬಗ್ಗಿ ನೋಡಿ, "ಅಲ್ಲಾಡಬೇಡಿ. ಇಷ್ಟೇ ಬೇಕಾಗಿದ್ದು" ಎಂದರು.

ಐವತ್ತೈದನೆಯ ದಿನ, ಎಂಟನೇ ವಾರ ಮುಗಿಯಲು ಒಂದು ದಿನ ಉಳಿದಿರುವಾಗ, ಮೊದಲ ಕರೆಂಟು. ಮಲಗಿಸಿ, ಸ್ಕ್ಯಾನಿನ ದಿನ ಮೈಮೇಲೆ ಎಳೆದಿದ್ದ ಗೆರೆಗಳಿಗೆ ಹೊಂದಿಸಿ, ಎಲ್ಲರೂ ಹೊರಗೆ ಹೋಗಿ ದಪ್ಪ ಬಾಗಿಲು ಮುಚ್ಚಿಕೊಂಡರು. ಯಂತ್ರ ಅವಳನ್ನು ಒಂದು ಸುತ್ತು ಹಾಕಿ ಜೀರುಂಡೆಯ ಹಾಗೆ ಗುಂಯ್ ಎಂದಿತು, ನಿಂತಿತು, ಇನ್ನೊಂದು ಕಡೆಯಿಂದ ಗುಂಯ್ ಎಂದಿತು. ಅವಳಿಗೆ ಬಿಸಿಯೂ ಆಗಲಿಲ್ಲ, ಚುಚ್ಚಲೂ ಇಲ್ಲ. ಇಷ್ಟಕ್ಕೇ ಇಷ್ಟೆಲ್ಲ ಹೋರಾಟವೇ ಎಂದು ಬೇಸರವಾಗುವಷ್ಟು ಬೇಗ ಮುಗಿಯಿತು.

"ಒಂದಾಯ್ತು. ಇನ್ನು ಇಪ್ಪತ್ತನಾಲ್ಕು" ಎಂದ ಯಂತ್ರ ನಡೆಸುವವನು.

ಹೊರಗೆ ಮರದಣ್ಣ ಮನೆಯ ಕಡೆ ಹೆಜ್ಜೆ ಹಾಕಿದರೆ ಗಾದಿಯಕ್ಕ ಮೆಟ್ಟಿಲು ಹತ್ತಿದಳು. ಎರಡನೇ ಮಹಡಿಯಲ್ಲಿ ಪ್ಲಾಸ್ಟಿಕ್ ಡಾಕ್ಟರ ಕೋಣೆಯ ಮುಂದೆ ಗುಮಾಸ್ತರೊಬ್ಬರು ದಿನಾಂಕ ಬರೆಯುವ ದಪ್ಪ ಪುಸ್ತಕ ಇಟ್ಟುಕೊಂಡು ಕೂತಿದ್ದರು.

"ಕರೆಂಟು ಇವತ್ತು ಶುರುವಾಯ್ತು" ಎಂದಳು. "ಐದು ವಾರ ಅದು, ಆಮೇಲೆ ಆರು ತಿಂಗಳು. ಅಲ್ಲಿಗೆ ಯಾವ ದಿನ ಬರುತ್ತೋ ನೋಡಿ ನನ್ನ ಹೆಸರು ಬರ್ಕೊಳ್ಳಿ."

"ಅಷ್ಟು ಮುಂದಿನದನ್ನ ಈಗಲೇ ಬರೆಯೋ ಪದ್ಧತಿ ಇಲ್ಲಮ್ಮ. ಈ ಪುಸ್ತಕ ಅಲ್ಲಿ ತನಕ ಬರಲ್ಲ."

"ಮುಂದಿನ ಪುಸ್ತಕ ಇರುತ್ತಲ್ಲ?"

"ಅದು ಇನ್ನೂ ಬಂದಿಲ್ಲ."

"ಆರು ತಿಂಗಳಿಗೆ ಅವರು ನೋಡ್ತಾರೆ. ಇನ್ನೂ ಕಾಯಿ ಅಂದ್ರೆ ಕಾಯ್ತೀನಿ, ಒಂದು ದಿನ ಮೊದಲೂ ಕೇಳಲ್ಲ. ಆದ್ರೆ ನೋಡೋ ದಿನ ಇವತ್ತೇ ಬರೆದಿರಬೇಕು" ಎಂದು ಅವಳು ಎದುರಿನ ಬೆಂಚಿನ ಮೇಲೆ ಕೂತಳು. ತಿರುಗಿ ಅವಳ ಹಿಂದೆಯೇ ಬಂದಿದ್ದ ಮರದಣ್ಣನೂ ಪಕ್ಕದಲ್ಲಿ ಕೂತ. ಗುಮಾಸ್ತರು ಅವನ ಕಡೆ ನೋಡಿದರು, ಇವರಿಗೆ ನೀವಾದರೂ ಹೇಳಿ ಅನ್ನುವ ಹಾಗೆ. ಅವನು ಜೇಬಿನಿಂದ ಪೆನ್ಸಿಲು ತೆಗೆದು ಅವರ ಮುಂದೆ ಚಾಚಿದ.

ಗುಮಾಸ್ತರು ಪುಸ್ತಕದ ಕೊನೆಯ ಖಾಲಿ ಹಾಳೆ ತೆರೆದರು. "ದಿನ ಹೇಳಿ" ಎಂದರು.